ನಂಬರ್ ಪ್ಲೇಟು ಹೇಳುವುದೆಷ್ಟು? ಎಂಟನೇ ತರಗತಿಯ ಎರಡು ಗಣಿತ ಪಾಠಗಳ ವೀಕ್ಷಣೆ

ಅಭ್ಯಾಸ ಬೋಧನೆಯ ಎರಡನೆಯ ವಾರದಲ್ಲಿ ಸೋಲದೇವನಹಳ್ಳಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ಎಂಟನೇ ತರಗತಿಗೆ ನಡೆದ ಎರಡು ಪಾಠಗಳ ವರದಿ ಇದು. ಘಟಕ: ದತ್ತಾಂಶಗಳ ನಿರ್ವಹಣೆ. ಪಾಠ ಮಾಡಿದವರು ನಮ್ಮ ಕಾಲೇಜಿನ ಒಬ್ಬ ಪ್ರಶಿಕ್ಷಣಾರ್ಥಿ. ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಣಾ ಹಾಳೆ ತುಂಬಿದವರು ಅವರ ಮೂವರು ಸಹಪಾಠಿಗಳು ಮತ್ತು ನಾನು. ಮೊದಲ ಪಾಠಕ್ಕೆ ನಾನು ಕೊಟ್ಟ ಅಂಕ ಜಾಸ್ತಿಯಾಯಿತು ಎಂಬುದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಅದು ಹೇಗೆ ಗೊತ್ತಾಯಿತು, ಎರಡನೆಯ ಪಾಠದಲ್ಲಿ ಏನು ಬದಲಾಯಿಸಿದೆವು ಎಂಬುದು ಮುಂದೆ ಆ ಶಾಲೆಗೆ ಹೋಗುವ ತಂಡಗಳಿಗೆ ಉಪಯೋಗಕ್ಕೆ ಬಂದೀತು.

ಊರಿನ ಪರಿಚಯ ಇಲ್ಲದವರಿಗೆ ಎರಡು ಮಾತು. ಚಿಕ್ಕಬಾಣಾವರ ದಾಟಿ ಹೆಸರಘಟ್ಟದ ಕಡೆಗೆ ಹೋಗುವಾಗ ಸಿಗುವ ಊರು ಸೋಲದೇವನಹಳ್ಳಿ. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ಇಲ್ಲಿಗೆ ಬಂದು, ಇಲ್ಲಿನ ಪಂಪ್‌ಹೌಸಿನಿಂದ ಬೆಂಗಳೂರಿಗೆ ಏರುತ್ತಿತ್ತು. ಈಗ ಕಾಲೇಜುಗಳು, ಬಡಾವಣೆಗಳು ಬಂದಿವೆ. ಒಂದೇ ರಸ್ತೆಯಲ್ಲಿ ಬಿಎಂಟಿಸಿ ಬಸ್ಸು, ಕಾಲೇಜು ಬಸ್ಸು, ಜಲ್ಲಿ ತುಂಬಿದ ಟಿಪ್ಪರು, ನೀರಿನ ಟ್ಯಾಂಕರು, ಪೀಣ್ಯಕ್ಕೆ ಹೋಗುವ ಟೆಂಪೊ, ಮಕ್ಕಳನ್ನು ಶಾಲೆಗೆ ಬಿಡಲು ಬರುವ ಸ್ಕೂಟರು, ಸಂಜೆ ಹೊತ್ತು ಮನೆಗೆ ಮರಳುವ ದನ ಎಲ್ಲವೂ ಸಾಗಬೇಕು. ಬೇರೆ ರಾಜ್ಯ, ಬೇರೆ ದೇಶಗಳಿಂದ ಓದಲು ಬಂದವರೂ ಇದೇ ರಸ್ತೆಯಲ್ಲಿ ಓಡಾಡುತ್ತಾರೆ. ಮಕ್ಕಳಿಗೆ ಇದೆಲ್ಲ ದಿನನಿತ್ಯದ ನೋಟ. ಹಾಗಾಗಿ ಪೂರ್ವಜ್ಞಾನ ಪರೀಕ್ಷೆಗೆ ರಸ್ತೆಯನ್ನೇ ಆರಿಸಿಕೊಂಡದ್ದು ಪ್ರಶಿಕ್ಷಣಾರ್ಥಿಯ ಜಾಣತನವೇ.

ಮೊದಲ ಪಾಠ

ಪಾಠ ಚೆನ್ನಾಗಿ ಆರಂಭವಾಯಿತು. "ಶಾಲೆಗೆ ಬರುವಾಗ ರಸ್ತೆಯಲ್ಲಿ ಯಾವ ಯಾವ ತಪ್ಪು ನೋಡಿದಿರಿ?" ಎಂದು ಕೇಳಿದ ಕೂಡಲೇ ಹತ್ತಾರು ಕೈ ಎದ್ದವು. ಹೆಲ್ಮೆಟ್ ಇಲ್ಲ, ಸಿಗ್ನಲ್ ಜಂಪ್, ರಾಂಗ್ ಸೈಡ್, ತ್ರಿಬಲ್ ರೈಡಿಂಗ್, ಸುಮ್ಮಸುಮ್ಮನೆ ಹಾರ್ನ್. ಆಮೇಲೆ, "ಇವನ್ನೆಲ್ಲ ಯಾರು ಮಾಡ್ತಾರೆ?" ಎಂಬ ಪ್ರಶ್ನೆ ಬಂತು. ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಉತ್ಸಾಹದಲ್ಲಿ ಬಾಯಿಗೆ ಬಂದದ್ದು.

ಉತ್ತರಗಳು ಸುರಿದವು. "ಟಿಎನ್ ಗಾಡಿಯೋರು ಮಿಸ್, ನುಗ್ಗಿಸ್ತಾರೆ." "ಎಪಿ." "ಹಿಂದಿಯೋರು, ಎಚ್‌ಆರ್, ಯುಪಿ." "ಕೇರಳದ ಕಾಲೇಜು ಹುಡುಗ್ರು." "ಲಾರಿಯೋರು ಮಿಸ್, ಹೊರಗಿನ ಲಾರಿ." ನಂಬರ್ ಪ್ಲೇಟಿನ ಮೊದಲ ಎರಡು ಅಕ್ಷರ ನೋಡಿ ರಾಜ್ಯ ಹೇಳುವುದು ಈ ವಯಸ್ಸಿನ ಮಕ್ಕಳಿಗೆ ಒಂದು ಆಟ. ಪ್ರಶಿಕ್ಷಣಾರ್ಥಿ ಅಷ್ಟನ್ನೂ ಕಪ್ಪುಹಲಗೆಯ ಮೇಲೆ ಬರೆದರು. ಪ್ರತಿಯೊಂದರ ಮುಂದೆ ಎಷ್ಟು ಮಕ್ಕಳು ಕೈ ಎತ್ತಿದರೋ ಅಷ್ಟು ತಾಳೆ ಗುರುತು ಹಾಕಿದರು, ಆವೃತ್ತಿ ಪಟ್ಟಿ ಮಾಡಿಸಿದರು, ಸ್ತಂಭಾಲೇಖ ಬರೆಸಿದರು. ನಲವತ್ತು ನಿಮಿಷದಲ್ಲಿ ಉದ್ದೇಶಗಳೆಲ್ಲ ಮುಗಿದವು. ಕೊನೆಗೆ ರಸ್ತೆ ನಿಯಮಗಳನ್ನು ಪಾಲಿಸಬೇಕು ಎಂದು ಮಕ್ಕಳು ಒಕ್ಕೊರಲಿನಿಂದ ಹೇಳಿದರು. ನಾನು ಹಾಳೆಯಲ್ಲಿ "ಜೀವನಕ್ಕೆ ಹೊಂದಿಕೊಂಡ ಉತ್ತಮ ಪಾಠ, ಮಕ್ಕಳ ಭಾಗವಹಿಸುವಿಕೆ ಅತ್ಯುತ್ತಮ" ಎಂದು ಬರೆದೆ.

ಮಧ್ಯಾಹ್ನದ ಚರ್ಚೆಯಲ್ಲಿ ಸಹಪಾಠಿ ವೀಕ್ಷಕರಲ್ಲಿ ಒಬ್ಬರು ಸ್ವಲ್ಪ ಸಂಕೋಚದಿಂದಲೇ ಹೇಳಿದರು: "ಸರ್, ಕಿಟಕಿ ಪಕ್ಕದ ಮೂರನೇ ಬೆಂಚಿನ ಹುಡುಗ ಗ್ರಾಫ್ ಬರೀಲೇ ಇಲ್ಲ. 'ಹೊರಗಿನ ಲಾರಿ' ಅಂದಾಗ ಪುಸ್ತಕ ಮುಚ್ಚಿದ. ಪಕ್ಕದವನು ಅವನನ್ನ ನೋಡಿ ನಕ್ಕ." ನನ್ನ ಹಾಳೆಯಲ್ಲಿ ಆ ಹುಡುಗ ಇರಲಿಲ್ಲ. ಎತ್ತಿದ ಕೈಗಳನ್ನು ಎಣಿಸುವುದರಲ್ಲಿ ನಾನು ಮುಳುಗಿದ್ದೆ. ತರಗತಿಯ ಶಿಕ್ಷಕಿಯನ್ನು ವಿಚಾರಿಸಿದಾಗ ಹುಡುಗನ ತಂದೆ ಲಾರಿ ಚಾಲಕರು, ತಿಂಗಳಲ್ಲಿ ನಾಲ್ಕಾರು ದಿನ ಮಾತ್ರ ಮನೆಯಲ್ಲಿರುತ್ತಾರೆ ಎಂದು ತಿಳಿಯಿತು.

ಇದು ಬರಿಯ ಮನಸ್ಸು ನೋಯಿಸಿದ ವಿಚಾರವಾಗಿದ್ದರೆ ಒಂದು ಸಮಾಧಾನದ ಮಾತಿನಿಂದ ಮುಗಿಯುತ್ತಿತ್ತು. ಕುಳಿತು ಯೋಚಿಸಿದಾಗ ಗಣಿತದ ತಪ್ಪೇ ದೊಡ್ಡದಾಗಿ ಕಂಡಿತು. ನಾವು ದತ್ತಾಂಶ ಎಂದು ಹಲಗೆಯ ಮೇಲೆ ಬರೆದದ್ದು ಮಕ್ಕಳ ಅಭಿಪ್ರಾಯ. ಅದಕ್ಕೆ ತಾಳೆ ಗುರುತು, ಅಕ್ಷ, ಪ್ರಮಾಣ ಎಲ್ಲ ಹಾಕಿದ್ದರಿಂದ ಅದು ಸತ್ಯದಂತೆ ಕಂಡಿತು. ಹೊರಗಿನವರ ಸ್ತಂಭ ಎಲ್ಲಕ್ಕಿಂತ ಎತ್ತರ ನಿಂತಿತ್ತು. ಗಣಿತದ ತರಗತಿಯಲ್ಲಿ ಬರೆಸಿದ ಗ್ರಾಫ್ ಮನೆಗೆ ಹೋದ ಮೇಲೆ ಮಕ್ಕಳು ಅದನ್ನು ಸಾಬೀತಾದ ಮಾತು ಎಂದೇ ತಿಳಿಯುತ್ತಾರೆ.

ಎಣಿಕೆ

ಎರಡನೆಯ ಪಾಠಕ್ಕೆ ಎರಡು ಅವಧಿ ಕೇಳಿ ಪಡೆದೆವು. ಮುಖ್ಯೋಪಾಧ್ಯಾಯರ ಅನುಮತಿಯ ಮೇಲೆ ಮಕ್ಕಳು ಶಾಲೆಯ ಕಾಂಪೌಂಡಿನ ಒಳಗಿನಿಂದಲೇ, ಗೇಟಿನ ಕಂಬಿಯ ಮೂಲಕ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಇಪ್ಪತ್ತು ನಿಮಿಷ ರಸ್ತೆ ನೋಡಬೇಕು. ಹೊರಗೆ ಯಾರೂ ಕಾಲಿಡುವಂತಿಲ್ಲ. ಈ ಒಂದು ಷರತ್ತನ್ನು ಮುಂದಿನ ತಂಡಗಳು ಬಿಡಬಾರದು.

ಏನನ್ನು ಎಣಿಸುವುದು ಎಂಬಲ್ಲಿಯೇ ಒಳ್ಳೆಯ ಜಗಳ ಆಯಿತು. "ರಾಂಗ್ ಸೈಡ್" ಎಂದು ಎಲ್ಲರೂ ಒಪ್ಪಿದರು. ಆದರೆ ಬಲ ಅಂಚಿನಲ್ಲಿ ಸ್ಕೂಟರು ತಳ್ಳಿಕೊಂಡು ಬರುವವನು ಲೆಕ್ಕಕ್ಕೋ? ಹಾಲಿನ ಕ್ಯಾನು ಕಟ್ಟಿದ ಸೈಕಲ್ಲು? ಬೇಕರಿ ಮುಂದೆ ನಿಲ್ಲಿಸಲು ನಾಲ್ಕು ಮಾರು ಮಾತ್ರ ಬಲಕ್ಕೆ ಬಂದವನು? ಕೊನೆಗೆ ನಿರ್ಧಾರವಾದದ್ದು: ಇಂಜಿನ್ ಇರುವ ವಾಹನ, ಗೇಟಿನ ಎದುರಿನ ಎರಡು ವಿದ್ಯುತ್ ಕಂಬಗಳ ನಡುವಿನಷ್ಟು ದೂರ ಎದುರು ದಿಕ್ಕಿನಲ್ಲಿ ಬಂದರೆ ಒಂದು ಗುರುತು. ಎಣಿಸುವ ಮೊದಲು ಏನನ್ನು ಎಣಿಸುತ್ತೇವೆ ಎಂದು ಗೆರೆ ಎಳೆದುಕೊಳ್ಳಬೇಕು ಎಂಬುದನ್ನು ನಾನು ಹದಿನೈದು ವರ್ಷದಿಂದ ಉಪನ್ಯಾಸದಲ್ಲಿ ಹೇಳುತ್ತಿದ್ದೇನೆ. ಈ ಜಗಳ ಹೇಳಿದಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ.

ಮಕ್ಕಳು ವಾಹನದ ಪ್ಲೇಟು ಓದಿ ಗುರುತು ಹಾಕಿದರು. ಕೆಎ 04, ಅಂದರೆ ಯಶವಂತಪುರದ ಕಚೇರಿ. ಕೆಎ 52 ನೆಲಮಂಗಲ. ಕೆಎ 02 ರಾಜಾಜಿನಗರ, ಕೆಎ 50 ಯಲಹಂಕ, ಕೆಎ 06 ತುಮಕೂರು. ಉಳಿದದ್ದು "ಬೇರೆ ರಾಜ್ಯ". ಮೊದಲ ದಿನದ ಪಟ್ಟಿ ಹಲಗೆಗೆ ಬಂದಾಗ ತರಗತಿ ಒಂದು ಕ್ಷಣ ಮೌನವಾಯಿತು. ರಾಂಗ್ ಸೈಡಿನ ಗುರುತುಗಳು ಹೆಚ್ಚಾಗಿದ್ದದ್ದು ಕೆಎ 04 ಮತ್ತು ಕೆಎ 52ರ ಮುಂದೆ. ಬೇರೆ ರಾಜ್ಯದ ಸಾಲಿನಲ್ಲಿ ಬೆರಳೆಣಿಕೆಯಷ್ಟು.

"ಹಂಗಾದ್ರೆ ನಮ್ಮೋರೇ ಮೋಸ!" ಎಂದ ಒಬ್ಬ. ಎಲ್ಲರೂ ನಕ್ಕರು. ಇಲ್ಲಿ ಪಾಠ ಮುಗಿಸಿದ್ದರೆ ಮೊದಲ ಪಾಠದ ತಪ್ಪನ್ನೇ ತಲೆಕೆಳಗು ಮಾಡಿ ಹೇಳಿದಂತಾಗುತ್ತಿತ್ತು. ಪ್ರಶಿಕ್ಷಣಾರ್ಥಿ ಮುಗಿಸಲಿಲ್ಲ. ಹಲಗೆಯ ಮೇಲೆ ಇನ್ನೊಂದು ಲೆಕ್ಕ ಬರೆದರು.

8 ಎ ವಿಭಾಗದಲ್ಲಿ 60 ಮಕ್ಕಳು, 6 ಜನ ತಡ. 8 ಬಿ ವಿಭಾಗದಲ್ಲಿ 20 ಮಕ್ಕಳು, 4 ಜನ ತಡ. ಯಾವ ವಿಭಾಗದಲ್ಲಿ ತಡ ಜಾಸ್ತಿ?

"ಎ" ಎಂದವರೇ ಹೆಚ್ಚು. ಎರಡು ನಿಮಿಷದ ಬಳಿಕ ಮುಂದಿನ ಬೆಂಚಿನ ಹುಡುಗಿ, "ಮಿಸ್, ಎ ಹತ್ತು ಶೇಕಡಾ, ಬಿ ಇಪ್ಪತ್ತು ಶೇಕಡಾ" ಎಂದಳು. ಆಗ ಪ್ರಶಿಕ್ಷಣಾರ್ಥಿ ಕೇಳಿದರು: "ನೆನ್ನೆ ಸರಿಯಾದ ಕಡೆಯಲ್ಲೇ ಹೋದ ಕೆಎ 04 ಗಾಡಿಗಳು ಎಷ್ಟು?" ಯಾರ ಬಳಿಯೂ ಉತ್ತರವಿಲ್ಲ. ತಪ್ಪು ಮಾಡಿದವರನ್ನು ಮಾತ್ರ ಎಣಿಸಿದ್ದರು. ಛೇದವೇ ಇರಲಿಲ್ಲ.

ಮರುದಿನ ಮತ್ತೆ ಗೇಟಿನ ಬಳಿ ನಿಂತರು. ಈ ಸಲ ಅರ್ಧ ತರಗತಿ ಎಲ್ಲ ವಾಹನಗಳನ್ನು, ಇನ್ನರ್ಧ ರಾಂಗ್ ಸೈಡಿನವನ್ನು ಎಣಿಸಿತು. ದಾಟಿದ ವಾಹನಗಳಲ್ಲಿ ಬಹುಪಾಲು ಕೆಎ 04 ಮತ್ತು ಕೆಎ 52 ಆಗಿದ್ದವು. ಶೇಕಡಾ ತೆಗೆದಾಗ ಅವುಗಳ ಸಾಲು ಗಣನೀಯವಾಗಿ ಇಳಿಯಿತು. ಬೇರೆ ರಾಜ್ಯದ ಸಾಲಿನಲ್ಲಿ ಶೇಕಡಾ ಏರಿದ್ದನ್ನು ಕಂಡು ಹಿಂದಿನ ಬೆಂಚಿನವರಿಗೆ ಮತ್ತೆ ಹುರುಪು ಬಂತು. "ನೋಡಿದ್ರಾ ಮಿಸ್!" ಆಗ ಇನ್ನೊಂದು ಪ್ರಶ್ನೆ: "ಮೂರು ಗಾಡಿ ಬಂದು ಅದರಲ್ಲಿ ಒಂದು ತಪ್ಪು ಮಾಡಿದರೆ?" "ಮೂವತ್ಮೂರು ಶೇಕಡಾ." "ಆ ಒಂದು ಗಾಡಿ ಇವತ್ತು ಬಾರದಿದ್ದರೆ?" "ಸೊನ್ನೆ." ಒಬ್ಬ ಚಾಲಕ ರಜೆ ಹಾಕಿದರೆ ಇಡೀ ರಾಜ್ಯಕ್ಕೆ ಒಳ್ಳೆಯ ಹೆಸರು ಬರುತ್ತದೆ ಎಂದು ಯಾರೋ ಹೇಳಿದರು. ಇದಕ್ಕಿಂತ ಚೆನ್ನಾಗಿ ಚಿಕ್ಕ ಮಾದರಿಯ ತೊಂದರೆಯನ್ನು ಹೇಳುವುದು ನನಗೂ ಕಷ್ಟ.

ಹಾಗಿದ್ದರೆ ಮೊದಲ ದಿನ ಎಲ್ಲರ ಬಾಯಲ್ಲೂ ಬೇರೆ ರಾಜ್ಯದ ಪ್ಲೇಟೇ ಬಂದದ್ದು ಏಕೆ? ಪ್ರಶ್ನೆಯನ್ನು ಮಕ್ಕಳಿಗೇ ಬಿಟ್ಟೆವು. ಒಬ್ಬಳು ಹೇಳಿದ ಉತ್ತರ ಸಾಕಾಗಿತ್ತು: "ನಮ್ ಗಾಡಿ ತಪ್ಪು ಮಾಡಿದ್ರೆ ಪ್ಲೇಟ್ ನೋಡಲ್ಲ ಮಿಸ್. ಬೇರೆಯದಾದ್ರೆ ಕಣ್ಣಿಗೆ ಹೊಡೆಯುತ್ತೆ, ನೆನಪಿರುತ್ತೆ."

ಎನ್‌ಎಲ್

ಪ್ಲೇಟಿನ ಬಗ್ಗೆ ಮಾತು ನಡೆಯುತ್ತಿರುವಾಗ ಕಿಟಕಿ ಪಕ್ಕದ ಹುಡುಗ ಎದ್ದು ನಿಂತ. ಯಾರೂ ಕೇಳಿರಲಿಲ್ಲ. "ಮಿಸ್, ನಮ್ಮಪ್ಪ ಓಡ್ಸೋ ಲಾರಿ ಎನ್‌ಎಲ್. ನಮ್ಮಪ್ಪ ಸಿರಾದೋರು."

ಎನ್‌ಎಲ್ ಎಂದರೆ ನಾಗಾಲ್ಯಾಂಡ್. ತೆರಿಗೆ ಮತ್ತು ಪರ್ಮಿಟಿನ ಅನುಕೂಲಕ್ಕಾಗಿ ಮಾಲೀಕರು ಅಲ್ಲಿ ನೋಂದಣಿ ಮಾಡಿಸಿದ ಲಾರಿ, ಬಸ್ಸುಗಳು ದಕ್ಷಿಣದ ಹೆದ್ದಾರಿಗಳಲ್ಲಿ ಬೇಕಾದಷ್ಟಿವೆ. ಓಡಿಸುವವರಿಗೂ ನಾಗಾಲ್ಯಾಂಡಿಗೂ ಸಂಬಂಧವೇ ಇರಬೇಕಿಲ್ಲ. ಪ್ರಶಿಕ್ಷಣಾರ್ಥಿಗೆ ಇದು ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಹೇಳಿ ಹುಡುಗನಿಂದ ಕೇಳಿ ತಿಳಿದುಕೊಂಡರು. ವೀಕ್ಷಣಾ ಹಾಳೆಯಲ್ಲಿ ಇದಕ್ಕೆ ಅಂಕದ ಕಲಂ ಇಲ್ಲ.

ಪ್ಲೇಟು ನಿಜಕ್ಕೂ ಹೇಳುವುದೆಷ್ಟು ಎಂಬುದನ್ನು ನಾವು ಆಮೇಲೆ ಒಟ್ಟುಮಾಡಿ ಮಕ್ಕಳಿಗೆ ಕೊಟ್ಟೆವು. ಮೋಟಾರು ವಾಹನಗಳ ಕಾಯಿದೆ 1988ರ ಪ್ರಕಾರ ಬೇರೆ ರಾಜ್ಯದ ವಾಹನವನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ಸಂಖ್ಯೆಗೆ ಬದಲಾಯಿಸಿಕೊಳ್ಳಬೇಕು. ಅಂದರೆ ಮೊದಲ ವರ್ಷ ಪ್ಲೇಟು ಹಳೆಯದೇ ಇರಬಹುದು. 2019ರ ತಿದ್ದುಪಡಿಯ ನಂತರ ಹೊಸ ವಾಹನವನ್ನು ತಮ್ಮ ರಾಜ್ಯದೊಳಗಿನ ಯಾವುದೇ ನೋಂದಣಿ ಕಚೇರಿಯಲ್ಲಿ ನೋಂದಾಯಿಸಲು ಕಾಯಿದೆಯಲ್ಲಿ ಅವಕಾಶವಿದೆ. ಹಾಗಾಗಿ ಕೆಎ 52 ಎಂದರೆ ನೆಲಮಂಗಲದವರೇ ಎನ್ನಲಾಗದು. 2021ರಲ್ಲಿ ಬಂದ ಬಿಎಚ್ ಸರಣಿಯ ಪ್ಲೇಟಿನಲ್ಲಂತೂ ರಾಜ್ಯದ ಹೆಸರೇ ಇಲ್ಲ. ಒಟ್ಟಿನಲ್ಲಿ ಪ್ಲೇಟಿನಿಂದ ತಿಳಿಯುವುದು ವಾಹನದ ನೋಂದಣಿ. ಚಾಲಕ ಯಾವ ಊರಿನಲ್ಲಿ ಓಡಿಸುವುದನ್ನು ಕಲಿತ ಎಂಬುದು ಅದರಲ್ಲಿ ಬರೆದಿರುವುದಿಲ್ಲ.

ಅಭ್ಯಾಸ ಎಲ್ಲಿಂದ ಬರುತ್ತದೆ

ಊರಿಂದೂರಿಗೆ ಓಡಿಸುವ ರೀತಿ ಬೇರೆಯೇ ಅಲ್ಲವೇ ಎಂದು ಚರ್ಚೆಯಲ್ಲಿ ಒಬ್ಬ ಸಹಪಾಠಿ ಆಕ್ಷೇಪಿಸಿದರು. ಬೇರೆಯೇ, ನಿಜ. ಅದನ್ನು ಅಲ್ಲಗಳೆಯುವುದು ಈ ಪಾಠದ ಉದ್ದೇಶವಾಗಿರಲಿಲ್ಲ. ಮಂಗಳೂರು–ಉಡುಪಿ ಕಡೆಯ ಖಾಸಗಿ ಬಸ್ಸುಗಳ ಓಟ ನೋಡಿದವರು ಅದನ್ನು ಮರೆಯುವುದಿಲ್ಲ. ಆದರೆ ಅಲ್ಲಿ ಬಸ್ಸು ಬಸ್ಸಿನ ನಡುವೆ ಇರುವುದು ಕೆಲವೇ ನಿಮಿಷಗಳ ಅಂತರ. ಮುಂದಿನವನು ತಡ ಮಾಡಿದರೆ ಹಿಂದಿನವನ ಕಲೆಕ್ಷನ್ ಹೋಯಿತು. ಘಟ್ಟದ ರಸ್ತೆಯಲ್ಲಿ ಏರಿ ಬರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕು ಎಂಬುದು ನಿಯಮವೂ ಹೌದು, ಚಾರ್ಮಾಡಿ, ಆಗುಂಬೆಯಲ್ಲಿ ಓಡಿಸುವವರ ರೂಢಿಯೂ ಹೌದು. ಏರಿನಲ್ಲಿ ನಿಂತ ಲಾರಿಯನ್ನು ಮತ್ತೆ ಎಬ್ಬಿಸುವುದು ಎಷ್ಟು ಕಷ್ಟ ಎಂದು ಅವರಿಗೆ ಗೊತ್ತು. ಬಯಲುಸೀಮೆಯಲ್ಲಿ ಹುರುಳಿ, ರಾಗಿ ಕೊಯ್ಲಾದ ಮೇಲೆ ರಸ್ತೆಗೆ ಹರಡಿ ವಾಹನಗಳಿಂದ ತುಳಿಸುತ್ತಾರೆ. ಬೈಕಿನವರು ಜಾರಿ ಬೀಳುತ್ತಾರೆ, ಬೈಯುತ್ತಾರೆ. ಬೈಗುಳ ನ್ಯಾಯವೇ. ಆದರೆ ಊರಲ್ಲಿ ಕಣ ಉಳಿದಿಲ್ಲ, ಒಕ್ಕಲು ಆಳು ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ. ನೆಲಮಂಗಲದ ಕಡೆಯಿಂದ ಬರುವ ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿ ಬರಲಿಲ್ಲ. ಅವರೇ ವಿವರಿಸಿದರು.

ಸಂಕೇತಗಳ ವಿಷಯವೂ ಹೀಗೆಯೇ. ಎದುರಿನ ವಾಹನ ಹೆಡ್‌ಲೈಟ್ ಮಿನುಗಿಸಿದರೆ ಏನರ್ಥ ಎಂದು ಕೇಳಿದರೆ ತರಗತಿ ಒಂದೇ ಧ್ವನಿಯಲ್ಲಿ, "ನಾನ್ ಬರ್ತಾ ಇದೀನಿ, ನೀನ್ ನಿಲ್ಲು" ಎಂದಿತು. ಬ್ರಿಟನ್ನಿನಲ್ಲಿ ಬಹಳ ಚಾಲಕರು ಅದೇ ಮಿನುಗನ್ನು "ನೀವು ಹೋಗಿ" ಎನ್ನಲು ಬಳಸುತ್ತಾರೆ. ಅಲ್ಲಿಂದ ಬಂದವನು ಹೆಸರಘಟ್ಟ ರಸ್ತೆಯಲ್ಲಿ ಆ ಮಿನುಗನ್ನು ನಂಬಿ ಮುಂದೆ ಬಂದರೆ ಏನಾದೀತು ಎಂದು ಮಕ್ಕಳೇ ಊಹಿಸಿ ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಹಾರ್ನಿಗೂ ಹಾಗೆಯೇ. ಲಾರಿಯ ಹಿಂದೆ ಹಾರ್ನ್ ಮಾಡಿ ಎಂದು ಬರೆಸಿಕೊಂಡ ಕಾಲ ಒಂದಿತ್ತು. 2015ರಲ್ಲಿ ಮಹಾರಾಷ್ಟ್ರ ಆ ಬರಹವನ್ನೇ ನಿಷೇಧಿಸಿತು. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂಬುದು 2000ದ ಶಬ್ದಮಾಲಿನ್ಯ ನಿಯಮಗಳಲ್ಲೇ ಇದೆ. ನಾವು ಇದನ್ನು ಓದಿ ಹೇಳುತ್ತಿರುವಾಗ ಹೊರಗೆ ಟ್ಯಾಂಕರೊಂದು ಉದ್ದಕ್ಕೆ ಹಾರ್ನ್ ಬಾರಿಸಿಕೊಂಡು ಹೋಯಿತು.

ಎರಡನೆಯ ಅವಧಿಯ ಕೊನೆಗೆ ಆಡಿಸಿದ ಆಟವನ್ನು ವಿವರವಾಗಿ ಬರೆಯಬೇಕು, ಏಕೆಂದರೆ ಯಾವ ಶಾಲೆಯಲ್ಲೂ ಖರ್ಚಿಲ್ಲದೆ ಆಡಿಸಬಹುದು. ರೈಲ್ವೆ ಗೇಟು ಹಾಕಿದಾಗ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಎರಡೂ ಕಡೆಯ ವಾಹನಗಳು ರಸ್ತೆಯ ಪೂರ್ತಿ ಅಗಲಕ್ಕೆ ತುಂಬಿಕೊಳ್ಳುತ್ತವೆ. ಗೇಟು ಏಳುತ್ತಲೇ ಮುಖಾಮುಖಿ. ತರಗತಿಯ ನಡುವಿನ ಓಣಿಯನ್ನು ರಸ್ತೆ ಮಾಡಿ, ಎರಡು ತುದಿಯಲ್ಲಿ ಹತ್ತತ್ತು ಮಕ್ಕಳನ್ನು ನಿಲ್ಲಿಸಿ, ನಡುವೆ ಮೀಟರ್ ಪಟ್ಟಿಯನ್ನು ಗೇಟಾಗಿ ಹಿಡಿದೆವು. ಓಡುವಂತಿಲ್ಲ, ತಳ್ಳುವಂತಿಲ್ಲ, ಬೇಗ ದಾಟಬೇಕು, ಅಷ್ಟೇ ಸೂಚನೆ. ನಿರೀಕ್ಷಿಸಿದಂತೆ ಎರಡೂ ಕಡೆಯವರು ಮುಂದೆ ಮುಂದೆ ಬಂದು ಅಗಲ ತುಂಬಿ ನಿಂತರು. ಪಟ್ಟಿ ಎತ್ತಿದಾಗ ಯಾರಿಗೂ ಅಲುಗಾಡಲಾಗಲಿಲ್ಲ. ಹುಡುಗರು ಹುಡುಗರನ್ನು ದೂರಿದರು. ಎರಡನೆಯ ಸಲ ಓಣಿಯ ನಡುವೆ ಸುಣ್ಣದಕಡ್ಡಿಯಲ್ಲಿ ಒಂದು ಗೆರೆ ಎಳೆದು, ಗೆರೆ ದಾಟಿ ನಿಂತವರು ಕಡೆಯ ಸಾಲಿಗೆ ಹೋಗಬೇಕು ಎಂದೆವು. ಅದೇ ಮಕ್ಕಳು, ಅದೇ ಓಣಿ. ಮೊದಲಿನ ಅರ್ಧಕ್ಕಿಂತ ಕಡಿಮೆ ಹೊತ್ತಿನಲ್ಲಿ ಎಲ್ಲರೂ ದಾಟಿದರು. ಮೂರನೆಯ ಸಲ ಗೆರೆ ಉಳಿಸಿ, ಹಿಂದಕ್ಕೆ ಕಳಿಸುವ ಮಾತನ್ನು ಮಾತ್ರ ತೆಗೆದೆವು. ಇಬ್ಬರು ಗೆರೆ ದಾಟಿದರು, ಅವರ ಹಿಂದೆ ನಾಲ್ವರು, ಮತ್ತೆ ಸಿಕ್ಕಿಕೊಂಡಿತು. ದಾಟಿದವನೊಬ್ಬನನ್ನು ಏಕೆ ಎಂದು ಕೇಳಿದರೆ, "ಅವನು ಬಂದ್ನಲ್ಲ ಸರ್, ನಾನ್ ಯಾಕೆ ಸುಮ್ನೆ ನಿಲ್ಲಲಿ?" ಎಂದ. ದೊಡ್ಡವರ ರಸ್ತೆಯಲ್ಲಿ ನಾನು ದಿನವೂ ಕೇಳುವ ಮಾತು ಅದು, ಕೆಲವು ಸಲ ನನ್ನ ಹೆಲ್ಮೆಟ್ಟಿನ ಒಳಗಿನಿಂದಲೇ.

ಕೊರತೆಗಳನ್ನೂ ಬರೆಯಬೇಕು. ಆಟಕ್ಕೆ ಹೊತ್ತು ಹೋಗಿ ವೃತ್ತಾಲೇಖ ಉಳಿಯಿತು. ಅದನ್ನು ತರಗತಿ ಶಿಕ್ಷಕಿ ಮುಗಿಸಬೇಕಾಯಿತು. ಎರಡು ದಿನದ, ಒಂದೇ ಗೇಟಿನ, ಇಪ್ಪತ್ತು ನಿಮಿಷದ ಎಣಿಕೆಯಿಂದ ಸೋಲದೇವನಹಳ್ಳಿಯ ಚಾಲಕರ ಬಗ್ಗೆ ಏನನ್ನೂ ಹೇಳಲಾಗದು. ಹೇಳುವ ಆಸೆಯನ್ನು ಮಕ್ಕಳು ಬಿಟ್ಟರು, ನಮ್ಮ ತಂಡದ ಒಬ್ಬರು ಬಿಡಲಿಲ್ಲ, ವರದಿಯ ಕರಡಿನಲ್ಲಿ ಒಂದು ಶೇಕಡಾ ಸೇರಿಸಿದ್ದರು. ತೆಗೆಸಿದೆ.

ಎಣಿಕೆಯ ಹಾಳೆಗಳಲ್ಲಿ ನಾವು ಯೋಚಿಸಿರದ ಒಂದು ಸಂಗತಿಯೂ ಇತ್ತು. ಒಂದು ಗುಂಪು ಗುರುತುಗಳ ಪಕ್ಕದಲ್ಲಿ ಪುಟ್ಟದಾಗಿ "ಯೂ" ಎಂದು ಬರೆದಿತ್ತು. ಏನೆಂದು ಕೇಳಿದರೆ "ಯೂನಿಫಾರಂ ಮಿಸ್." ರಾಂಗ್ ಸೈಡಿನಲ್ಲಿ ಬಂದ ಸ್ಕೂಟರುಗಳಲ್ಲಿ ಹಿಂದೆಯೋ ಮುಂದೆಯೋ ಇದೇ ಶಾಲೆಯ ಮಕ್ಕಳಿದ್ದರು. ಮುಂದಿನ ತಿರುವಿನವರೆಗೆ ಹೋಗಿ ಬರುವುದಕ್ಕಿಂತ ಬಲ ಅಂಚಿನಲ್ಲೇ ಬಂದರೆ ಗೇಟು ಹತ್ತಿರ. ಹೆಚ್ಚಿನ ಮಕ್ಕಳ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬ ಸವಾರನಿಗೂ ಅದು ಕಡ್ಡಾಯ ಎಂದು 2019ರ ತಿದ್ದುಪಡಿ ಹೇಳುತ್ತದೆ. ಅದೇ ತಿದ್ದುಪಡಿಯಲ್ಲಿ ಅಪ್ರಾಪ್ತರ ಕೈಗೆ ವಾಹನ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಸಜೆ ಇದೆ ಎಂದಾಗ ಹಿಂದಿನ ಬೆಂಚಿನ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾವು ಮುಂದೆ ಕೇಳಲಿಲ್ಲ.

ಮುಂದಿನ ಬೆಂಚಿನ ಹುಡುಗಿ, ಹತ್ತು ಶೇಕಡಾ ಇಪ್ಪತ್ತು ಶೇಕಡಾ ಎಂದು ಹೇಳಿದ್ದವಳು, ಪಾಠ ಮುಗಿದ ಮೇಲೆ ಮೇಜಿನ ಬಳಿ ಬಂದಳು. "ಮಿಸ್, ಇವತ್ತು ನಮ್ಮಪ್ಪಾನೂ ಹಂಗೇ ಬಂದ್ರು. ನಾನು ಗುರುತು ಹಾಕ್ಲಿಲ್ಲ. ಹಾಕ್ಲಾ?" ಪ್ರಶಿಕ್ಷಣಾರ್ಥಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹುಡುಗಿಯ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಕೆಎ 04ರ ಸಾಲಿನಲ್ಲಿ ಒಂದು ಗೆರೆ ಹಾಕಿದರು. "ಇದು ನಂದು. ಬೆಳಿಗ್ಗೆ ಪ್ರಾರ್ಥನೆಗೆ ತಡ ಆಗುತ್ತೆ ಅಂತ ನಾನೂ ಹಂಗೇ ಬಂದೆ," ಎಂದು ಹೇಳಿ ಪೆನ್ಸಿಲನ್ನು ವಾಪಸು ಕೊಟ್ಟರು. ಹುಡುಗಿ ಅದರ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದಳು, ಒಟ್ಟು ಸಂಖ್ಯೆಯನ್ನು ಹೊಡೆದು ಎರಡು ಸೇರಿಸಿ ಬರೆದಳು, ಶೇಕಡಾ ಮತ್ತೆ ಲೆಕ್ಕ ಹಾಕಬೇಕಲ್ಲ ಎಂದು ಹಾಳೆಯನ್ನು ಮನೆಗೆ ಒಯ್ದಳು.